ಥಾಮ್ಸನ್ ಅಲ್ಲದ ಬಳ್ಳಿ

ಕಾಕು, ಆ ದ್ರಾಕ್ಷಿ ಬಳ್ಳಿ ಥಾಮ್ಸನ್ ಜಾತಿಯದಾಗಿರಲಿಲ್ಲ. ನೀವು ಹೇಳಿದ್ದೇ ಸರಿಯಿತ್ತು. ತಪ್ಪಿದ್ದು ನಾನು. ಅದು ನನಗೆ ಹೋದ ದಸರಾಕ್ಕೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ, ನಿಮ್ಮೆದುರು ನಿಂತು, ನಿಮ್ಮದೇ ಮನೆಯ ಹೋಳಿಗೆ ಬಾಯಲ್ಲಿಟ್ಟುಕೊಂಡು, ಸುಳ್ಳು ಹೇಳಿದೆ.

ಇಷ್ಟು ಬರೆಯುವುದರೊಳಗೆ ಎಷ್ಟೋ ಸಲ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಸುಮ್ಮನೆ ಒಳಗೆ ನೋಡಿ ಬಂದಿದ್ದೇನೆ. ಫ್ರಿಜ್ಜಿನಲ್ಲಿ ಧೈರ್ಯ ಇರುವುದಿಲ್ಲ, ಹಳೇ ಸಾರು ಇರುತ್ತದೆ. ನಿಮಗೆ ನನ್ನ ಚಾಳಿ ಗೊತ್ತು. ಎರಡು ಮಾತು ಗಂಭೀರವಾಗಿ ಆಡಿದರೆ ಮೂರನೆಯದು ತಾನಾಗಿ ತಮಾಷೆಗೆ ಜಾರುತ್ತದೆ. ಈ ತಪ್ಪಿನ ಬುಡದಲ್ಲಿರುವುದೂ ಒಂದು ತಮಾಷೆಯೇ. ಹಾಗಾಗಿ — ಸ್ವಲ್ಪ ತಡೆದುಕೊಳ್ಳಿ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಯಾಕೆಂದರೆ ನಿಮಗೆ ಗೊತ್ತಿರುವುದರ ಮೇಲೇ ನಿಮಗೆ ನಂಬಿಕೆ ಹೋಗುವಂತೆ ಮಾಡಿದವನು ನಾನು.

ಅಮೆರಿಕದ ಹೇವರ್ಡಿಗೆ ಓದಲು ಬಂದ ಹೊಸದರಲ್ಲಿ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ನಾನು ಕೆಳಗಿನ ಮನೆ, ನೀವು ಮತ್ತು ನಿಮ್ಮ ಮಗಳು ಸ್ಮಿತಾ ಮೇಲಿನ ಮನೆ. ನಾನು ಬೆಂಗಳೂರಿನವನು. ಜೋಳದ ರೊಟ್ಟಿ ಎಂದರೆ ಹೋಟೆಲಿನಲ್ಲಿ ಆರ್ಡರ್ ಮಾಡುವ ಪದಾರ್ಥ ಎಂದುಕೊಂಡಿದ್ದವನು. ನೀವು ವಿಜಯಪುರದವರು. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತಪ್ಪು ಹುಡುಕುವ ಕೆಲಸ ಮಾಡಿ ರಿಟೈರ್ ಆದವರು. ಕೂದಲೆಳೆಗಿಂತ ಸಣ್ಣ ಬಿರುಕು ಹಿಡಿಯುವ ಕಣ್ಣು ನಿಮ್ಮದು. ಶನಿವಾರ ಬಂತೆಂದರೆ ಮೇಲಿನಿಂದ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು, ಆಮೇಲೆ ನಿಮ್ಮ ದನಿ: “ತಮ್ಮಾ, ಬರ್ತೀಯೋ, ನಾನ ಇಳದು ಬರ್ಲ್ಯೋ?” ನಾನು ಮೂರು ಮೆಟ್ಟಿಲಿಗೆ ಒಂದು ಹೆಜ್ಜೆ ಹಾಕಿ ಹತ್ತುತ್ತಿದ್ದೆ.

ಅಂಥವರ ಮುಂದೆ ನಾನು ದ್ರಾಕ್ಷಿ ಪಂಡಿತನಾಗಿ ಮೆರೆದೆ.

ಆ ಬಿರುದು ಬಂದ ಬಗೆಯನ್ನೂ ಇವತ್ತು ಒಪ್ಪಿಬಿಡುತ್ತೇನೆ. ನಮ್ಮ ಕನ್ನಡದವರ ಪಿಕ್‌ನಿಕ್ಕಿನಲ್ಲಿ ಯಾರೋ ನನ್ನ ಕಣ್ಣಿಗೆ ಕರ್ಚೀಫು ಕಟ್ಟಿ, ಬಾಯಿಗೊಂದು ದ್ರಾಕ್ಷಿ ಹಾಕಿ, “ಯಾವ ಜಾತಿ ಹೇಳಪ್ಪಾ” ಎಂದರು. ನಾನು ನಾಲಿಗೆಯ ಮೇಲೆ ಅದನ್ನು ಹೊರಳಾಡಿಸಿ, ಆಕಾಶಕ್ಕೆ ಮುಖ ಎತ್ತಿ, ಹೆಸರು ಹೇಳಿದೆ. ಸರಿಯಾಗಿತ್ತು. ಚಪ್ಪಾಳೆ. ಆ ಹಣ್ಣಿನ ಡಬ್ಬಿಯನ್ನು ಕಾರಿನಿಂದ ಹೊತ್ತು ತಂದವನು ನಾನೇ, ಅದರ ಮೇಲಿನ ಸ್ಟಿಕ್ಕರ್ ಓದಿಕೊಂಡೇ ತಂದಿದ್ದೆ ಎಂಬುದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಮೇಲೆ ವಾಟ್ಸಾಪಿನಲ್ಲಿ ಎಲೆಯ ಫೋಟೋಗಳು ಬರತೊಡಗಿದವು. ನಾನು ಊರ ಜೋಯಿಸರ ಹಾಗೆ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೆ — ಬಿಸಿಲು ಹೆಚ್ಚು ಬೇಕು, ನೀರು ಕಡಿಮೆ ಹಾಕಿ, ತಾಳ್ಮೆ ಇರಲಿ. ಅರ್ಧ ಜನಕ್ಕೆ ಅದು ನಿಜವೂ ಆಯಿತು.

ಸ್ಮಿತಾಗೆ ಡೇಲಿ ಸಿಟಿಯ ಕಡೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನೀವಿಬ್ಬರೂ ಅಲ್ಲೇ ಮನೆ ಕೊಂಡಿರಿ. ಯೂನಿಯನ್ ಸಿಟಿಯಲ್ಲಿ ಟೀಶರ್ಟಿನಲ್ಲಿ ಕಾರು ಹತ್ತಿದವನು ನಿಮ್ಮ ಗೃಹಪ್ರವೇಶಕ್ಕೆ ಬಂದು ಇಳಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಆಗಸ್ಟ್ ತಿಂಗಳು, ನಡುಮಧ್ಯಾಹ್ನ — ಸಮುದ್ರದ ಮಂಜು ಬೇಲಿ ದಾಟಿ ಒಳಗೆ ಬಂದು ಊಟದ ಸಾಲಿನಲ್ಲಿ ನಿಂತಿತ್ತು. ಹಿತ್ತಲಿನ ಬೇಲಿಯ ಉದ್ದಕ್ಕೂ ಒಂದು ಹಳೆಯ ದ್ರಾಕ್ಷಿ ಬಳ್ಳಿ. ಬುಡ ನನ್ನ ತೊಡೆಯ ಗಾತ್ರ. ಹಿಂದಿನ ಮನೆಯವರು ಹಾಕಿದ್ದು, ಜಾತಿ ಯಾವುದೆಂದು ಅವರು ಹೇಳಿರಲಿಲ್ಲ. ಎಲೆಗಳ ಸಂದಿಯಲ್ಲಿ ಹಸಿರು ಗೊಂಚಲು, ಬಟಾಣಿಯಷ್ಟು ಗಟ್ಟಿ.

ಮುಂದಿನ ವಾರ ಬೇಲಿ ಬದಲಿಸುವವರು ಬರುವವರಿದ್ದರು. ಬಳ್ಳಿ ಇಡಬೇಕೋ ತೆಗೆಯಬೇಕೋ ಎಂದು ಸ್ಮಿತಾ ನನ್ನನ್ನು ಕೇಳಿದಳು. ಸುತ್ತ ಜನ. ಎಲ್ಲರ ಕೈಯಲ್ಲೂ ತಟ್ಟೆ. ನಾನು ಒಂದು ಕಾಯಿ ಕಿತ್ತು, ಕಚ್ಚಿ, ಮುಖ ಹುಳ್ಳಗೆ ಮಾಡಿ ತೀರ್ಪು ಕೊಟ್ಟೆ: “ಥಾಮ್ಸನ್. ಹಸಿರು ದ್ರಾಕ್ಷಿ. ಈ ಚಳಿಗೆ ಜನ್ಮದಲ್ಲಿ ಹಣ್ಣಾಗಲ್ಲ. ತೆಗೆಸಿ.”

ಕಾಕು, ಕಪ್ಪು ದ್ರಾಕ್ಷಿಯೂ ಚಿಕ್ಕದಿದ್ದಾಗ ಹಸಿರಾಗಿಯೇ ಇರುತ್ತದೆ. ಇದು ಮೂರನೇ ಕ್ಲಾಸಿನ ಮಗುವಿಗೂ ತಿಳಿಯುವ ವಿಷಯ. ನನಗೆ ಆಗ ಹೊಳೆಯಲಿಲ್ಲ. ಕರಿ ಎಮ್ಮೆಗೆ ಬಿಳಿ ಹಾಲು ಬರುತ್ತದೆ ಎಂದು ಗೊತ್ತಿದ್ದ ಊರಿನವನು ನಾನು, ಕಾಯಿಯ ಬಣ್ಣ ನೋಡಿ ಹಣ್ಣಿನ ಜಾತಿ ಹೇಳಿದೆ.

ನೀವು ತಟ್ಟೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಳ್ಳಿಯ ಒಂದು ಕುಡಿ ಎಳೆದುಕೊಂಡಿರಿ.

“ಏ ತಮ್ಮಾ, ಇದು ಥಾಮ್ಸನ್ ಅಲ್ಲೋ. ಥಾಮ್ಸನ್ ನೋಡೇ ಬೆಳದಾಕಿ ನಾ. ನಮ್ಮಪ್ಪನ ತ್ವಾಟದಾಗ ಅದ ಇತ್ತು. ಅದಕ್ಕ ಎರಡು ಗಣ್ಣಿಗೆ ಹಬ್ಬೋ ಸುರುಳಿ ಬರತೈತಿ, ಮೂರನೇ ಗಣ್ಣು ಬೋಳು. ಇಲ್ಲಿ ನೋಡು — ಒಂದ ಗಣ್ಣೂ ಬಿಟ್ಟಿಲ್ಲ. ಎಲಿ ತಿರುವಿ ಬೆರಳಾಡ್ಸು. ಕಂಬಳಿ ಆಗೇತಿ. ಬೆಂಗಳೂರಾಗ ನಮ್ಮ ಹಾಸ್ಟೆಲ್ ಹಿಂದ ಇಂಥದ ಇತ್ತು, ಸಿಪ್ಪಿ ಜಾರೋ ಕರೇ ಹಣ್ಣು. ದಸರಾತನಾ ತಡೀರಿ. ಕರ್ರಗ ಆಕ್ಕಾವು.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲೆ ತಿರುಗಿಸಲಿಲ್ಲ. ಗಣ್ಣು ನೋಡಲಿಲ್ಲ. ನೋಡಿದ್ದರೆ ಮುಗಿಯುತ್ತಿತ್ತು — ನೀವು ಕುಡಿಯನ್ನು ನನ್ನ ಮೂಗಿನ ಕೆಳಗೇ ಹಿಡಿದಿದ್ದಿರಿ. ನನಗೆ ಆ ಗಳಿಗೆಯಲ್ಲಿ ಬೇಕಾಗಿದ್ದು ಒಂದು ಮಾತು, ಜನ ನಗುವಂಥದ್ದು. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹಿಂದಿನ ದಿನ ನೀವು ಕಾರಿನ ಕೀಯನ್ನು ಕೊತ್ತಂಬರಿ ಕಟ್ಟಿನ ಜೊತೆ ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದ್ದನ್ನು ನೀವೇ ನಗುತ್ತಾ ನನಗೆ ಹೇಳಿದ್ದಿರಿ.

“ಕಾಕು,” ಎಂದೆ, “ನಿನ್ನೆ ಕಾರ್ ಕೀ ಎಲ್ಲಿಟ್ರಿ ಅಂತ ನೆನಪಿಲ್ಲ ನಿಮಗೆ. ನಲವತ್ತು ವರ್ಷದ ಹಿಂದಿನ ಬಳ್ಳಿ ನೆನಪಿದ್ಯಾ?”

ಹಿತ್ತಲು ಬಿದ್ದು ಬಿದ್ದು ನಕ್ಕಿತು. ನೀವೂ ನಕ್ಕಿರಿ. ಕೈಯಲ್ಲಿದ್ದ ಕುಡಿಯನ್ನು ಬಿಟ್ಟಿರಿ — ಕಿತ್ತು ಎಸೆಯಲಿಲ್ಲ, ಮೆಲ್ಲಗೆ ಅದರ ಜಾಗಕ್ಕೇ ಬಿಟ್ಟಿರಿ. ಸ್ಮಿತಾ ನಗುತ್ತಲೇ, “ಅಮ್ಮಾ, ಪ್ಲೀಸ್, ಚೇತುಗೆ ಗೊತ್ತಿರತ್ತೆ,” ಎಂದಳು. “ಹೌದವಾ, ಇರಬಹುದು,” ಎಂದಿರಿ ನೀವು. ಆ “ಇರಬಹುದು” ನನಗೆ ಆಗ ಕೇಳಿಸಲೇ ಇಲ್ಲ. ಈಗ ಬೇರೇನೂ ಕೇಳಿಸುವುದಿಲ್ಲ.

ಬಳ್ಳಿ ಕಡಿದವನೂ ನಾನೇ. ವೀರನ ಹಾಗೆ ಗರಗಸ ತಂದೆ. ಅರ್ಧ ದಿನ ಆ ಬುಡದ ಜೊತೆ ಕುಸ್ತಿ ಮಾಡಿ, ಸೊಂಟ ಹಿಡಿದುಕೊಂಡು, ಆಮೆಯ ಹಾಗೆ ತೆವಳುತ್ತಾ ಅಡುಗೆಮನೆಗೆ ಬಂದೆ. ಕಿಟಕಿಯ ಹಿಂದೆ ನೀವು ನಿಂತಿದ್ದಿರಿ, ಎಷ್ಟು ಹೊತ್ತಿನಿಂದಲೋ. “ಮುಗೀತೇನಪಾ? ಚಾ ಕುಡಿ,” ಎಂದು ಲೋಟ ಕೈಗಿಟ್ಟಿರಿ. ಅಷ್ಟೇ.

ಆ ಜಾಗಕ್ಕೆ ಹೊಸ ಗಿಡ ಆರಿಸುವ ಕೆಲಸವೂ ಪಂಡಿತನಿಗೇ ಬಂತು. ಚಳಿಗಾಲದಲ್ಲಿ ನರ್ಸರಿಗೆ ಹೋಗಿ, ಚೀಟಿಯ ಮೇಲಿನ ಚಿತ್ರ ಚೆಂದ ಕಂಡಿತೆಂದು ಫ್ಲೇಮ್ ಎಂಬ ಕೆಂಪು ದ್ರಾಕ್ಷಿ ತಂದು ನೆಟ್ಟೆ. ಅದು ಸುಡುಬಿಸಿಲು ಕುಡಿದು ಬದುಕುವ ಜಾತಿ. ಅದನ್ನು ಮಂಜಿನ ಬಾಯಿಗೆ ಕೊಟ್ಟೆ. ಮರಳುಗಾಡಿನ ಒಂಟೆಯನ್ನು ತಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಕಟ್ಟಿದ ಹಾಗೆ. ಮೂರನೇ ಬೇಸಿಗೆಗೆ ಬಿಟ್ಟ ಮೊದಲ ಗೊಂಚಲಿಗೇ ಬೂದಿ ರೋಗ ಹತ್ತಿತು. ಹುಳಿ ಕಾಯಿ, ಅದರ ಮೇಲೆ ವಿಭೂತಿ ಬಳಿದಂತೆ ಬಿಳಿ ಧೂಳು. ನೀವು ನನ್ನನ್ನು ಬೈಯಲಿಲ್ಲ. ಫೋನಿನಲ್ಲಿ ಹೇಳಿದಿರಿ, “ನನ್ನ ಕೈಗುಣ ಹೋತು ನೋಡೋ ತಮ್ಮಾ. ನೀ ಚಲೋದ ತಂದಿದ್ದಿ.”

ಅಲ್ಲಿಯವರೆಗೂ ಇದು ದಡ್ಡತನದ ಕಥೆ. ದಡ್ಡತನಕ್ಕೆ ಕ್ಷಮೆ ಇದೆ ಎಂದಿಟ್ಟುಕೊಳ್ಳೋಣ. ಮುಂದಿನದಕ್ಕೆ — ನನಗೆ ಗೊತ್ತಿಲ್ಲ.

ನಿಮ್ಮ ಬಳ್ಳಿ ಕಡಿದ ದಿನ, ಬಲಿತ ಕೋಲುಗಳನ್ನು ಒಂದು ಹೊರೆ ಕಟ್ಟಿ ನಾನು ಮನೆಗೆ ಒಯ್ದಿದ್ದೆ. ಅಷ್ಟು ಹೊತ್ತಿಗೆ ಯೂನಿಯನ್ ಸಿಟಿಯಲ್ಲೇ ಹಿತ್ತಲಿರುವ ಬಾಡಿಗೆ ಮನೆ ಹಿಡಿದಿದ್ದೆ. ಅಲ್ಲಿ ಅವರೆ ಹಾಕಿದ್ದೆ. ಹಬ್ಬಲು ಕೋಲು ಬೇಕಿತ್ತು. ನೆಲಕ್ಕೆ ಚುಚ್ಚಿ, ನೀರು ಹಾಕಿ, ಅವರೆಕಾಳು ಸಾರಿನ ಕನಸು ಕಂಡೆ. ಅವರೆ ಸತ್ತಿತು. ಕೋಲು ಚಿಗುರಿತು. ಇಂಥ ಅದೃಷ್ಟ ನನಗೊಬ್ಬನಿಗೇ ಸಾಧ್ಯ. ನಾನದರ ಫೋಟೋ ತೆಗೆದು ನಿಮಗೆ ಕಳಿಸಬೇಕು ಎಂದುಕೊಂಡೆ, ಯಾಕೋ ಕಳಿಸಲಿಲ್ಲ. ಥಾಮ್ಸನ್ ತಾನೇ, ಹೋಗಲಿ ಎಂದು ಬಿಟ್ಟೆ. ಹಾಗೆಂದುಕೊಂಡೆ ಎಂದು ಈಗ ಹೇಳುತ್ತಿದ್ದೇನೆ — ನಿಜವಾಗಿ ಆಗಲೇ ಒಳಗೊಂದು ಸಂಶಯ ಎದ್ದಿತ್ತೋ ಏನೋ.

ಮರುವರ್ಷ ಅದು ಬೇಲಿಗೆ ಹಬ್ಬಿತು. ನಿಮ್ಮ ಫ್ಲೇಮಿಗೆ ಬೂದಿ ಹತ್ತಿದ ಮೇಲೆ, ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತವನು ಸುಮ್ಮನೆ ಗಣ್ಣು ನೋಡುತ್ತಾ ಹೋದೆ. ಸುರುಳಿ, ಸುರುಳಿ, ಸುರುಳಿ, ಮತ್ತೆ ಸುರುಳಿ. ಬೋಳು ಗಣ್ಣು ಒಂದೂ ಇಲ್ಲ. ಎಲೆ ತಿರುಗಿಸಿ ಬೆರಳಾಡಿಸಿದೆ. ಕಂಬಳಿ. ಕಾಫಿ ಆರಿತು.

ಆವತ್ತು ಮೊದಲ ಸಲ ನಾನು ಓದಲು ಕೂತೆ, ಪಂಡಿತನಾದ ಎಷ್ಟೋ ಕಾಲದ ಮೇಲೆ. ನೀವು ಒಂದು ಉಸಿರಿನಲ್ಲಿ ಹೇಳಿದ್ದೇ ಎಲ್ಲ ಕಡೆ ಬರೆದಿತ್ತು. ಅಮೆರಿಕದ ಕಾಡುಬಳ್ಳಿಯ ರಕ್ತ ಇರುವ ಜಾತಿಗೆ ಗಣ್ಣುಗಣ್ಣಿಗೂ ಸುರುಳಿ, ಎಲೆಯ ಬೆನ್ನಿಗೆ ನವಿರು, ಹಣ್ಣಿನ ಸಿಪ್ಪೆ ಜಾರುತ್ತದೆ. ನಮ್ಮ ಬೆಂಗಳೂರು ನೀಲಿಯೂ ಆ ಬಳಗದ್ದೇ. ಬೂದಿ ರೋಗಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ತಂಪು ಸೀಮೆಯ ಹಿತ್ತಲಿಗೆ ದ್ರಾಕ್ಷಿ ಆರಿಸುವವರು ಮೊದಲು ಇಂಥದ್ದನ್ನೇ ಹುಡುಕುತ್ತಾರಂತೆ. ಗುರುತು ಸಿಗದ ಹಳೇ ಬಳ್ಳಿ ಇದ್ದರೆ ಒಂದು ಸುಗ್ಗಿ ಕಾದು ನೋಡಿ, ಆಮೇಲೆ ಗರಗಸ ಎತ್ತಿ ಎಂದೂ ಇತ್ತು. ದಸರಾತನಾ ತಡೀರಿ ಎಂದು ನೀವು ಹೇಳಿದ್ದೂ ಅದನ್ನೇ. ಹುಡುಕಿ ತಂದು ನೆಡಬೇಕಾದ್ದು ನಿಮ್ಮ ಬೇಲಿಯ ಮೇಲೆ ತಾನಾಗಿ ಇತ್ತು. ನಾನು ಅದನ್ನು ಕಡಿದೆ.

ಆ ದಿನವೇ ಫೋನ್ ಮಾಡಬಹುದಿತ್ತು. ಇನ್ನೂ ಹಣ್ಣು ಬಂದಿಲ್ಲವಲ್ಲ, ಖಾತ್ರಿಯಾಗಲಿ ಎಂದುಕೊಂಡೆ. ಹಣ್ಣು ಬಂತು, ಹೋದ ಸೆಪ್ಟೆಂಬರಿನಲ್ಲಿ. ಹಸಿರು ಕಾಯಿ ಒಂದೊಂದಾಗಿ ನೇರಳೆಗೆ ತಿರುಗಿ ಕರ್ರಗಾದವು. ವಾಸನೆ ಹಿತ್ತಲೆಲ್ಲ ಹರಡಿ, ಬೆಂಗಳೂರಿನ ತಳ್ಳುಗಾಡಿ ನಮ್ಮ ಬೇಲಿಯ ಹೊರಗೆ ನಿಂತಿದೆಯೇನೋ ಅನ್ನಿಸಿತು. ಖಾತ್ರಿಯಾಯಿತು. ಆಗಲೂ ಫೋನ್ ಮಾಡಲಿಲ್ಲ.

ಬದಲಿಗೆ ಏನು ಮಾಡಿದೆ ಗೊತ್ತೇ? ಗೊತ್ತು ನಿಮಗೆ. ದಸರಾಕ್ಕೆ ನಿಮ್ಮ ಮನೆಗೆ ಬರುವಾಗ ಒಂದು ಡಬ್ಬಿ ತುಂಬ ಆ ಹಣ್ಣು ತಂದೆ. ತಪ್ಪು ಮಾಡಿದವನಿಗೆ ತಪ್ಪಿನ ಜಾಗದಲ್ಲೇ ಸುಳಿದಾಡುವ ಚಟ. ಸದ್ದಿಲ್ಲದೆ ಋಣ ತೀರಿಸಿಬಿಡುತ್ತೇನೆ ಎಂಬ ಹೇಡಿ ಲೆಕ್ಕವೂ ಇತ್ತು. ನಿಮ್ಮ ಮನೆಯಲ್ಲಿ ಪ್ರತಿ ವರ್ಷದಂತೆ ಬನ್ನಿ ಹಂಚುವುದಿತ್ತು. ಇಲ್ಲಿ ಬನ್ನಿ ಮರ ಎಲ್ಲಿ ಬರಬೇಕು, ರಸ್ತೆ ಬದಿಯ ಅಕೇಶಿಯಾ ಸೊಪ್ಪೇ ಬನ್ನಿ. ಬೆಂಗಳೂರಿನವನಾದ ನನಗೆ ಆ ಪದ್ಧತಿ ಕಲಿಸಿದವರು ನೀವು: ಕಿರಿಯರು ಹಿರಿಯರ ಕೈಗೆ ಎಲೆ ಇಟ್ಟು ಕಾಲಿಗೆ ಬೀಳಬೇಕು, ಬನ್ನಿ ತಗೊಂಡು ಬಂಗಾರದಂಗ ಇರೋಣು ಅನ್ನಬೇಕು, ವರ್ಷದ ಸಿಟ್ಟು ಸೆಡವು ಎಲ್ಲ ಅಲ್ಲಿಗೇ ಬಿಡಬೇಕು. ನಾನು ಎಲೆ ಕೊಟ್ಟೆ. ಕಾಲಿಗೆ ಬಿದ್ದೆ. ನೀವು ತಲೆ ಮುಟ್ಟಿ, “ಬಂಗಾರದಂಗ ಇರು,” ಎಂದಿರಿ.

ಆಮೇಲೆ ಡಬ್ಬಿಯಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡಿರಿ. ಅಗಿಯುವುದನ್ನು ನಿಲ್ಲಿಸಿದಿರಿ. ಸಿಪ್ಪೆಯನ್ನು ಬೆರಳಿಗೆ ತೆಗೆದುಕೊಂಡು ನೋಡಿದಿರಿ — ಮೈಕ್ರೋಸ್ಕೋಪಿನ ಕೆಳಗೆ ನೋಡುವ ಆ ನೋಟ.

“ಸಿಪ್ಪಿ ಜಾರತೈತಿ,” ಎಂದಿರಿ. “ಸ್ಮಿತಾ, ಆ ಹಿತ್ತಲ ಬಳ್ಳಿದೂ ಹಿಂಗ ಇರತೈತಿ ಅಂದಿದ್ನಲ್ಲ ನಾ? ಇದ ಅದು. ತಮ್ಮಾ, ಎಲ್ಲಿಂದ ತಂದಿ ಇದನ್ನ?”

ಇಡೀ ಕೋಣೆ ನನ್ನ ಕಡೆ ನೋಡಿತು. ಗೃಹಪ್ರವೇಶಕ್ಕೆ ಬಂದ ಅದೇ ಜನ. ಬಾಗಿಲು ಪೂರಾ ತೆರೆದಿತ್ತು, ಕಾಕು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

“ಫಾರ್ಮರ್ಸ್ ಮಾರ್ಕೆಟ್ಟು, ಕಾಕು,” ಎಂದೆ.

“ಅಮ್ಮಾ, ಅದು ಥಾಮ್ಸನ್ ಅಂತ ಆವಾಗ್ಲೇ ಡಿಸೈಡ್ ಆಗಿತ್ತಲ್ಲ,” ಎಂದಳು ಸ್ಮಿತಾ, ಮೆತ್ತಗೆ. ಮಕ್ಕಳ ಜೊತೆ ಮಾತಾಡುವಷ್ಟು ಮೆತ್ತಗೆ. ನೀವು ಸಿಪ್ಪೆಯನ್ನು ತಟ್ಟೆಯ ಅಂಚಿಗಿಟ್ಟಿರಿ. “ಹೌದಲ್ಲ. ಮರತಿದ್ದೆ,” ಎಂದಿರಿ.

ನೀವು ಮರೆತಿರಲಿಲ್ಲ. ಆ ಕೋಣೆಯಲ್ಲಿ ಸರಿಯಾಗಿ ನೆನಪಿಟ್ಟಿದ್ದವರು ನೀವೊಬ್ಬರೇ.

ಆಮೇಲೆ ನೀವು ಆ ಹಣ್ಣು ಮಾರುವವನನ್ನು ಹುಡುಕಿಕೊಂಡು ಮಾರ್ಕೆಟ್ಟಿನಿಂದ ಮಾರ್ಕೆಟ್ಟಿಗೆ ಹೋದಿರಿ. ಸಿಕ್ಕಾಗೆಲ್ಲ ಕೇಳುತ್ತಿದ್ದಿರಿ, “ಯಾವ ಕಡೆ ಕೂತಿದ್ನೋ ಅಂವಾ? ಹೆಂಗಿದ್ದ?” ನಾನು ಇಲ್ಲದ ಮನುಷ್ಯನಿಗೆ ಟೊಪ್ಪಿ ತೊಡಿಸಿದೆ, ಬಿಳಿ ಗಡ್ಡ ಅಂಟಿಸಿದೆ. ಅದನ್ನೂ ನಗುವ ಹಾಗೆ ಹೇಳಿದೆ. ಆ ಗಡ್ಡದ ಮನುಷ್ಯನನ್ನು ಹುಡುಕಿ ನೀವು ಮಂಜಿನಲ್ಲಿ, ಕೈಚೀಲ ಹಿಡಿದು —

ಇರಲಿ. ಈ ವಾಕ್ಯ ಮುಗಿಸಲು ನನ್ನಿಂದಾಗುವುದಿಲ್ಲ.

ಮೊನ್ನೆ ಸ್ಮಿತಾ ಫೋನ್ ಮಾಡಿದ್ದಳು. ನಿಮ್ಮನ್ನು ನೆನಪಿನ ಶಕ್ತಿಯ ಪರೀಕ್ಷೆಗೆ ಕರೆದೊಯ್ದಿದ್ದಳಂತೆ. “ಟೆಸ್ಟಲ್ಲಿ ಏನೂ ಇಲ್ಲ ಚೇತು, ವಯಸ್ಸಿಗೆ ನಾರ್ಮಲ್ ಅಂದ್ರು. ಆದ್ರೆ ಅಮ್ಮ ನಂಬ್ತಾನೇ ಇಲ್ಲ. ಡಾಕ್ಟರ್ ಮುಂದೆ ಏನ್ ಹೇಳಿದ್ಲು ಗೊತ್ತಾ? ಆ ಗ್ರೇಪ್ಸ್ ಕಥೆ. ‘ಹುಟ್ಟಿದಾಗಿಂದ ನೋಡಿದ ಥಾಮ್ಸನ್ನ ಗುರ್ತು ಹಿಡೀಲಿಲ್ಲ ನಾ, ಹಣ್ಣು ತಿಂದ ಮ್ಯಾಲೂ ಮತ್ತ ಅದ ತಪ್ಪು ಮಾಡಿದೆ’ ಅಂತ. ಮನೆಗೆ ಬಂದು ಕಾರ್ ಕೀ ನನ್ನ ಕೈಗೆ ಕೊಟ್ಟುಬಿಟ್ಲು. ಇನ್ಮೇಲೆ ಡ್ರೈವ್ ಮಾಡಲ್ವಂತೆ.”

ಫೋನಿಟ್ಟವನು ಇದನ್ನು ಬರೆಯಲು ಕೂತೆ.

ಜೋಳದ ಹಿಟ್ಟಿಗೆಂದು ಸಾಂಟಾ ಕ್ಲಾರಾದ ತನಕ ಫ್ರೀವೇ ಮೇಲೆ ಒಬ್ಬರೇ ಹೋಗಿ ಬರುತ್ತಿದ್ದವರು ನೀವು. ನನಗೆ ಫ್ರೀವೇ ಸೇರುವುದನ್ನು ಕಲಿಸಿದವರು — “ಅಂಜಬ್ಯಾಡ, ಕನ್ನಡಿ ನೋಡು, ನಂಬು, ನುಗ್ಗು.” ಕೀ ಬಗ್ಗೆ ನಾನು ಮಾಡಿದ ಜೋಕು ಇಷ್ಟು ವರ್ಷ ನಡೆದುಕೊಂಡು ಬಂದು ನಿಮ್ಮ ಕೈಯಿಂದ ಕೀಯನ್ನೇ ಕಿತ್ತುಕೊಂಡಿತು.

ಚಿಕ್ಕವನಾಗಿದ್ದೆ, ಜನ ನಗುತ್ತಿದ್ದರು, ಬೇಲಿಯವರು ಬರುವವರಿದ್ದರು — ಇವೆಲ್ಲ ನನ್ನ ಹತ್ತಿರ ಸಿದ್ಧವಾಗಿ ಕೂತಿವೆ. ಯಾವುದನ್ನೂ ಕೊಡುವುದಿಲ್ಲ. ಮೊದಲನೆಯದು ಗೊತ್ತಿಲ್ಲದೆ ಆದದ್ದು. ಎರಡನೆಯದು ಗೊತ್ತಿದ್ದು ಮಾಡಿದ್ದು. ನಿಮ್ಮ ಕಣ್ಣಿಗಿಂತ, ನಿಮ್ಮ ನಾಲಿಗೆಗಿಂತ ನನಗೆ ನನ್ನ ಬಿರುದು ದೊಡ್ಡದಾಯಿತು. ಅದೂ ಸ್ಟಿಕ್ಕರ್ ಓದಿ ಸಂಪಾದಿಸಿದ ಬಿರುದು.

ನಾಳೆ ಬೆಳಿಗ್ಗೆ ಬರುತ್ತೇನೆ. ಇದನ್ನು ನಿಮಗೂ ಸ್ಮಿತಾಗೂ ಎದುರು ಕೂತು ಓದುತ್ತೇನೆ, ಮಧ್ಯೆ ನಗಿಸಲು ಹೋಗುವುದಿಲ್ಲ — ಹೋದರೆ ಲಟ್ಟಣಿಗೆ ತಗೊಳ್ಳಿ. ನೀವು ಹೂಂ ಅಂದರೆ, ದಸರಾದ ದಿನ ಆ ಎಲ್ಲ ಜನರೆದುರೂ ನಿಂತು ಹೇಳುತ್ತೇನೆ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿದ ಮೇಲೆ ಅದರ ಕೋಲು ಕೊಯ್ದು ತರುತ್ತೇನೆ. ಎಲ್ಲಿ ನೆಡಬೇಕು, ಫ್ಲೇಮನ್ನು ಕೀಳಬೇಕೋ ಬೇಡವೋ, ನೆಡುವುದೇ ಬೇಡವೋ — ನೀವು ಹೇಳಿದಂತೆ. ನಾನು ಗುದ್ದಲಿ ಹಿಡಿಯುತ್ತೇನೆ, ಬಾಯಿ ಬಿಡುವುದಿಲ್ಲ.

ಈ ದಸರಾಕ್ಕೆ ಅಕೇಶಿಯಾ ಸೊಪ್ಪು ತರುವುದಿಲ್ಲ, ಕಾಕು. ಆ ಬಳ್ಳಿಯದೇ ಒಂದು ಎಲೆ ತಂದು ನಿಮ್ಮ ಕೈಗಿಡುತ್ತೇನೆ. ಬಂಗಾರದಂಗ ಇರು ಅನ್ನಬೇಡಿ, ಆ ಮಾತು ಹೋದ ಸಲ ನಾನು ಕದ್ದು ಒಯ್ದಿದ್ದೇನೆ. ಎಲೆ ತಿರುಗಿಸಿ, ಹಿಂದೆ ಬೆರಳಾಡಿಸಿ. ಆಮೇಲೆ ಅವತ್ತು ಹಿತ್ತಲಿನಲ್ಲಿ ಹೇಳಿದ್ದಿರಲ್ಲ, ಅದೇ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿ —

“ಇದು ಥಾಮ್ಸನ್ ಅಲ್ಲೋ.”

ಹೇಳಿ, ಸ್ಮಿತಾಳ ಕೈಯಿಂದ ಕಾರಿನ ಕೀ ಇಸಕೊಳ್ಳಿ.